ಧೌಲಾಧಾರದ ತಪ್ಪಲಿಗೆ ಬಂದ ಮಠ

ಹಿಮಾಲಯವೆಂದೊಡನೆ ನಮ್ಮ ಭಕ್ತಜನರ ಮನಸ್ಸು ಕೇದಾರದ ಕಡೆಗೆ ಹರಿಯುವುದು ಸಹಜ. ಪಂಚಪೀಠಗಳಲ್ಲೊಂದಾದ ಹಿಮವತ್ಕೇದಾರ ಪೀಠವು ಊಖೀಮಠದಲ್ಲಿ ನೆಲಸಿರುವುದರಿಂದ, ತಮ್ಮಲ್ಲಿ ಅನೇಕರು ಆ ಕಣಿವೆಯನ್ನು ಕಣ್ಣಾರೆ ಕಂಡು ಬಂದವರೇ ಆಗಿದ್ದೀರಿ. ಆದರೆ ಇಂದು ತಮ್ಮನ್ನು ನಾವು ಕರೆದೊಯ್ಯಬೇಕೆಂದಿರುವುದು ಅಲ್ಲಿಂದ ವಾಯವ್ಯಕ್ಕೆ, ಕಾಂಗ್ಡಾ ಜಿಲ್ಲೆಗೆ. ಅಲ್ಲಿ ಧೌಲಾಧಾರವೆಂಬ ಬಿಳಿಯ ಪರ್ವತಶ್ರೇಣಿಯು ಬಯಲಿನಿಂದ ಒಮ್ಮೆಗೇ ಗೋಡೆಯಂತೆ ಎದ್ದು ನಿಂತಿದೆ. ಅದರ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳು, ದೇವದಾರು ವನಗಳು, ಚಹದ ತೋಟಗಳು. ಬೇಸಗೆಯಲ್ಲಿ ಕುರಿಮೇಕೆಗಳೊಡನೆ ಮೇಲೇರಿ ಚಳಿಗಾಲಕ್ಕೆ ಕೆಳಗಿಳಿಯುವ ಗದ್ದಿ ಜನ. ಈ ಗದ್ದಿಗಳು ಶಿವಭಕ್ತರು. ಆ ಶ್ರೇಣಿಯನ್ನು ಶಿವನ ವಾಸಸ್ಥಾನವೆಂದು ನಂಬಿದವರು.

ಈ ಬೆಟ್ಟದ ಸೆರಗಿನ ಊರಿನ ಹೆಸರು ಧರ್ಮಶಾಲೆ. ಧರ್ಮಶಾಲೆಯೆಂದರೆ ನಮ್ಮ ಮಾತಿನಲ್ಲಿ ಛತ್ರ. ದಾರಿಹೋಕನು ಒಂದೆರಡು ರಾತ್ರಿ ತಂಗಿ ಮುಂದೆ ನಡೆಯುವ ತಾಣ. ಅಂತಹ ಹೆಸರಿನ ಊರಿಗೆ 1960ರಲ್ಲಿ ಒಂದು ದೇಶದ ಧರ್ಮಗುರುಗಳು ಬಂದು ತಂಗಿದರು. ಆ ತಂಗುವಿಕೆ ಇನ್ನೂ ಮುಗಿದಿಲ್ಲ.

ಊರಿನ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ಬ್ರಿಟಿಷರು ಇಲ್ಲಿ ದಂಡಿನ ಪಾಳೆಯವನ್ನು ಹಾಕಿದರು. 1855ರಲ್ಲಿ ಜಿಲ್ಲಾ ಕೇಂದ್ರವನ್ನೂ ಇಲ್ಲಿಗೆ ತಂದರು. ವೈಸರಾಯ್ ಲಾರ್ಡ್ ಎಲ್ಗಿನ್ 1863ರಲ್ಲಿ ಇಲ್ಲಿಯೇ ಮೃತನಾಗಿ ಕಾಡಿನ ನಡುವಣ ಚರ್ಚಿನ ಅಂಗಳದಲ್ಲಿ ಸಮಾಧಿಯಾದನು. ಈ ವೈಭವವೆಲ್ಲ 1905ರ ಏಪ್ರಿಲ್ 4ರ ಮುಂಜಾನೆ ಕೊನೆಗೊಂಡಿತು. ಅಂದಿನ ಭೂಕಂಪದಲ್ಲಿ ಕಾಂಗ್ಡಾ ಕಣಿವೆಯ ಸುಮಾರು 20,000 ಜನ ಅಸುನೀಗಿದರು. ಕಾಂಗ್ಡಾದ ವಜ್ರೇಶ್ವರಿ ದೇವಾಲಯ ನೆಲಸಮವಾಯಿತು. ಸರ್ಕಾರಿ ಕಚೇರಿಗಳು ಕೆಳಗಿನ ಭಾಗಕ್ಕೆ ಸರಿದವು. ಮೇಲಣ ಮೆಕ್ಲಿಯೋಡ್‌ಗಂಜ್ ಮತ್ತೆ ಚೇತರಿಸಿಕೊಳ್ಳಲಿಲ್ಲ. 1947ರಲ್ಲಿ ಆಂಗ್ಲರು ಹೊರಟುಹೋದ ಮೇಲಂತೂ ಅದು ಬೀಗ ಹಾಕಿದ ಬಂಗಲೆಗಳ ಊರಾಯಿತು. 1860ರಿಂದ ಅಲ್ಲಿ ಅಂಗಡಿ ನಡೆಸಿಕೊಂಡು ಬಂದಿದ್ದ ನೌರೋಜಿ ಎಂಬ ಪಾರಸಿ ಮನೆತನದವರು ಮಾತ್ರ ಊರು ಬಿಡಲಿಲ್ಲ. ದಲಾಯಿ ಲಾಮಾ ಅವರಿಗೆ ಒಂದು ನೆಲೆಯನ್ನು ಸರ್ಕಾರ ಹುಡುಕುತ್ತಿದೆಯೆಂದು ತಿಳಿದಾಗ, ಬರಿದಾದ ಈ ಬಂಗಲೆಗಳನ್ನು ಸೂಚಿಸಿದವರು ಆ ಮನೆತನದ ಎನ್. ಎನ್. ನೌರೋಜಿ ಅವರೇ.

1959ರ ಮಾರ್ಚ್ 17ರ ರಾತ್ರಿ ಲ್ಹಾಸಾವನ್ನು ತೊರೆದಾಗ ದಲಾಯಿ ಲಾಮಾ ಅವರಿಗೆ ಇನ್ನೂ 23 ವರ್ಷ. ಮಾರ್ಚ್ 31ರಂದು ಅವರು ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಒಂದು ವರ್ಷ ಮಸ್ಸೂರಿಯಲ್ಲಿದ್ದ ಬಳಿಕ ಧರ್ಮಶಾಲೆಗೆ ತೆರಳುವ ಪ್ರಸ್ತಾಪ ಬಂದಾಗ ಅವರಿಗೆ ಮೊದಲು ಸಂತೋಷವೇನೂ ಆಗಲಿಲ್ಲ. ದಿಲ್ಲಿಯಿಂದ ದೂರದ, ಪಠಾಣಕೋಟೆಯವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬೆಟ್ಟ ಹತ್ತಬೇಕಾದ ಊರು. ತಮ್ಮ ಧ್ವನಿಯನ್ನು ಜಗತ್ತು ಕೇಳದಿರಲೆಂದೇ ಸರ್ಕಾರವು ಈ ಮೂಲೆಯನ್ನು ಆರಿಸಿತೇ ಎಂಬ ಅನುಮಾನ ಅವರನ್ನು ಕಾಡಿತ್ತು. ಈ ಅನುಮಾನ ನಿರಾಧಾರವಾಗಿತ್ತೆಂದು ಹೇಳುವ ಧೈರ್ಯ ನಮಗಿಲ್ಲ. ಅಂದಿನ ರಾಜಕೀಯದಲ್ಲಿ ಚೀನವನ್ನು ಕೆರಳಿಸಬಾರದೆಂಬ ಎಚ್ಚರ ಸ್ಪಷ್ಟವಾಗಿಯೇ ಇತ್ತು. ಆದರೂ ಅವರು ಒಪ್ಪಿ, 1960ರ ಏಪ್ರಿಲ್ 30ರಂದು ಮೆಕ್ಲಿಯೋಡ್‌ಗಂಜಿಗೆ ಬಂದು ಸ್ವರ್ಗ ಆಶ್ರಮವೆಂಬ ಹಳೆಯ ಬಂಗಲೆಯಲ್ಲಿ ಬಿಡಾರ ಹೂಡಿದರು.

ಪ್ರಿಯ ವಾಚಕರೇ, ಇಲ್ಲಿ ತಾವು ಸ್ವಲ್ಪ ನಿಂತು ಯೋಚಿಸಬೇಕೆಂದು ಕೋರುತ್ತೇವೆ. ಮಠವೊಂದು ತನ್ನ ನೆಲವನ್ನು, ಕಟ್ಟಡವನ್ನು, ಗ್ರಂಥಭಂಡಾರವನ್ನು, ಗುರುಪರಂಪರೆಯ ಸಮಾಧಿಗಳನ್ನು ಒಂದೇ ರಾತ್ರಿಯಲ್ಲಿ ಬಿಟ್ಟು ಬಂದರೆ ಹೊಸ ಊರಿನಲ್ಲಿ ಅದು ಮೊದಲು ಕಟ್ಟಬೇಕಾದುದು ಏನು? ನಾವಾಗಿದ್ದರೆ ಒಂದು ಗುಡಿಯನ್ನೋ ಒಂದು ಗದ್ದುಗೆಯನ್ನೋ ಕಟ್ಟಲು ಹೊರಡುತ್ತಿದ್ದೆವೇನೋ. ಅಲ್ಲಿ ನಡೆದುದು ಬೇರೆ. ಬಂದು ಮೂರು ವಾರ ತುಂಬುವ ಮೊದಲೇ, ಮೇ 17ರಂದು, ಜಮ್ಮುವಿನ ಕಡೆಯ ರಸ್ತೆ ಕಾಮಗಾರಿಯ ಶಿಬಿರಗಳಿಂದ 51 ಮಕ್ಕಳು ಅಲ್ಲಿಗೆ ಬಂದರು. ರೋಗದಿಂದಲೂ ಹಸಿವಿನಿಂದಲೂ ಬಡವಾಗಿದ್ದ ಮಕ್ಕಳು. ತಂದೆತಾಯಿಗಳು ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಕೂಸುಗಳು ರಸ್ತೆಯ ಬದಿಯಲ್ಲಿ ಮಲಗಿರುತ್ತಿದ್ದವು. ದಲಾಯಿ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರು ಈ ಮಕ್ಕಳ ಭಾರವನ್ನು ಹೊತ್ತರು. 1964ರಲ್ಲಿ ಅವರು ತೀರಿಕೊಂಡಾಗ ತಂಗಿ ಜೆತ್ಸುನ್ ಪೆಮಾ ಮುಂದುವರಿಸಿದರು. ಮುಂದೆ ಟಿಬೆಟನ್ ಮಕ್ಕಳ ಗ್ರಾಮವೆಂದು ಹೆಸರಾದ ಸಂಸ್ಥೆಯ ಬೀಜ ಇದು. ಮನೆಗೊಬ್ಬ ತಾಯಿಯಂತೆ ನೇಮಿಸಿ, ಹಿರಿಯ ಮಕ್ಕಳು ಕಿರಿಯರನ್ನು ನೋಡಿಕೊಳ್ಳುವಂತೆ ಮಾಡಿ, ತಮ್ಮ ಭಾಷೆಯಲ್ಲಿಯೇ ಅಕ್ಷರ ಕಲಿಸಿದರು.

ನಮ್ಮ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಇಂದು ಊರೂರಿನಲ್ಲಿ ನೆಲೆ ಕಂಡಿರುವ ಹಳೆಯ ವಿದ್ಯಾರ್ಥಿಗಳಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳೆಂಟು ವರ್ಷದ ಹುಡುಗನಾಗಿ, ಟ್ರಂಕು ಹೊತ್ತು, ತಾಯಿಯ ಸೆರಗು ಬಿಟ್ಟು ಮಠದ ಬಾಗಿಲಿಗೆ ಬಂದ ರಾತ್ರಿ ಹೇಗಿತ್ತೆಂಬುದು ತಮಗೆ ನೆನಪಿದೆ. ನಮಗೂ ನೆನಪಿದೆ.

ಮಕ್ಕಳ ಬಳಿಕವೇ ಉಳಿದುದು. 1961ರಲ್ಲಿ ವೈದ್ಯ ಮತ್ತು ಜ್ಯೋತಿಷದ ಸಂಸ್ಥೆ. 1968ರಲ್ಲಿ ಗುರುಗಳಿಗೆ ಸ್ವಂತ ನಿವಾಸ. ಬೆನ್ನಮೇಲೆ ಹೊತ್ತು ತಂದ ಹಸ್ತಪ್ರತಿಗಳಿಗೆ 1970ರಲ್ಲಿ ಗ್ರಂಥಾಲಯ. 1963ರಲ್ಲಿ ಅವರು ಒಂದು ಸಂವಿಧಾನದ ಕರಡನ್ನು ಹೊರಡಿಸಿದರು. ಪ್ರತಿನಿಧಿಗಳು ದಲಾಯಿ ಲಾಮಾ ಅವರ ಅಧಿಕಾರವನ್ನೇ ಹಿಂತೆಗೆದುಕೊಳ್ಳಲು ಅದರಲ್ಲಿ ಅವಕಾಶವಿತ್ತು. ಅವರ ಜನರೇ ಇದನ್ನು ವಿರೋಧಿಸಿದರು, ಅವರು ಬಿಡಲಿಲ್ಲ. 2011ರಲ್ಲಿ ರಾಜಕೀಯ ಅಧಿಕಾರವನ್ನು ಪೂರ್ತಿಯಾಗಿಯೇ ಬಿಟ್ಟುಕೊಟ್ಟರು. ಪೀಠದ ಮೇಲೆ ಕುಳಿತ ನಮ್ಮಂತಹವರು ಇದನ್ನು ಓದುವಾಗ ಸ್ವಲ್ಪ ಇರುಸುಮುರುಸಾಗುವುದು ಸುಳ್ಳಲ್ಲ.

ಆದರೆ ಅಷ್ಟು ಜನರಿಗೂ ಆ ಬೆಟ್ಟದ ತಪ್ಪಲು ಸಾಲದು. ನೆಲಕ್ಕಾಗಿ ಅವರು ದಕ್ಷಿಣಕ್ಕೆ ಬರಬೇಕಾಯಿತು. ನಮ್ಮ ನಾಡಿನ ಸಂಬಂಧ ಇಲ್ಲಿಂದ ತೊಡಗುತ್ತದೆ. ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣದ ಬಳಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿತು. ಸಭೆಗಳಲ್ಲಿ ಈ ಕೀರ್ತಿಯನ್ನೆಲ್ಲ ಎಸ್. ನಿಜಲಿಂಗಪ್ಪನವರಿಗೆ ಸಲ್ಲಿಸುವುದು ವಾಡಿಕೆ. ದಲಾಯಿ ಲಾಮಾ ಅವರೂ ನಿಜಲಿಂಗಪ್ಪನವರನ್ನು ಕೃತಜ್ಞತೆಯಿಂದ ಸ್ಮರಿಸುತ್ತ ಬಂದಿದ್ದಾರೆ. ಆದರೆ ಇಸವಿಗಳನ್ನೂ ನೋಡಬೇಕು: 1958ರಿಂದ 1962ರವರೆಗೆ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು. ನಿಜಲಿಂಗಪ್ಪನವರು 1962ರಲ್ಲಿ ಮರಳಿ ಬಂದರು. 1966ರ ಮುಂಡಗೋಡದ ವಸತಿಯು ಅವರ ಕಾಲದ್ದು. ಇಬ್ಬರ ಹೆಸರೂ ಉಳಿಯುವುದು ನ್ಯಾಯ.

ಸುಮಾರು 12,000 ಅಡಿ ಎತ್ತರದ ಲ್ಹಾಸಾದ ತಂಪಿನಲ್ಲಿ ಬೆಳೆದ ಜನ ಬೈಲಕುಪ್ಪೆಯ ಬಿಸಿಲಿಗೆ ಬಿದ್ದರು. ಮರ ಕಡಿದು ಸುಟ್ಟು ನೆಲ ಹಸನು ಮಾಡಬೇಕು; ಆನೆ, ಹಂದಿಗಳಿಂದ ಜೋಳವನ್ನು ಕಾಯಬೇಕು. ಇವರಿಗಿಂತ ಕಠಿಣವಾದ ಪರೀಕ್ಷೆ ಭಿಕ್ಷುಗಳದ್ದಾಯಿತು. ಡ್ರೆಪುಂಗ್, ಸೆರಾ, ಗಾಂಡೆನ್ ಎಂಬ ಮೂರು ಮಹಾಮಠಗಳ ಸುಮಾರು 1,500 ವಿದ್ವಾಂಸರನ್ನು ಮೊದಲು ಭೂತಾನ ಗಡಿಯ ತಪ್ಪಲಿನ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆಯಲ್ಲಿ ಇರಿಸಿದ್ದರು. ಅದೂ ಹಸುರಾದ ಗಿರಿಪ್ರದೇಶವೇ. ಆದರೆ ಆ ತೇವದಲ್ಲಿ, ಸೆಕೆಯಲ್ಲಿ ಕ್ಷಯರೋಗ ಹಬ್ಬಿ ಅನೇಕರು ಸತ್ತರು. ಉಳಿದವರು ಪಾಠ ಬಿಡಲಿಲ್ಲ. 1970ರ ಸುಮಾರಿಗೆ ಸೆರಾ ಬೈಲಕುಪ್ಪೆಗೂ ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಕ್ಕೂ ಬಂದವು. ಭಿಕ್ಷುವು ನೆಲ ಅಗೆಯಬಾರದು, ಗಿಡಮರ ಕಡಿಯಬಾರದು ಎಂಬುದು ಬೌದ್ಧ ವಿನಯದ ಕಟ್ಟಳೆ. ಇಲ್ಲಿ ಅವೆರಡನ್ನೂ ಮಾಡದೆ ಅನ್ನವಿಲ್ಲ. ಹಗಲು ಗುದ್ದಲಿ, ಸಂಜೆ ತರ್ಕಶಾಸ್ತ್ರ ಎಂಬ ದಿನಚರಿಯನ್ನು ಅವರು ಹಾಕಿಕೊಂಡರು. ಕಾಯಕತತ್ತ್ವದಲ್ಲಿ ಬೆಳೆದ ನಮಗೆ ಇದರಲ್ಲಿ ತೊಡಕೇ ಕಾಣದು. ಹೊಲ ಉಳುವುದೂ ಪೂಜೆಯೇ ಎಂದುಬಿಡುತ್ತೇವೆ. ಅವರಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಮುಂಡಗೋಡದಲ್ಲಿ ವೃದ್ಧ ಭಿಕ್ಷುವೊಬ್ಬರು ನಮಗೆ ಅಂಗೈ ತೋರಿಸಿ, “ಸ್ವಾಮೀಜಿ, ನೇಗಿಲಿನಡಿ ಎಷ್ಟು ಹುಳ ಸತ್ತವೋ, ದಿನಾ ಅವಕ್ಕಾಗಿ ಜಪ ಮಾಡ್ತೀನಿ” ಎಂದಾಗ ನಾವು ಮರುಮಾತಾಡಲಿಲ್ಲ.

ಧರ್ಮಶಾಲೆಗೆ ಮರಳೋಣ. ಬರಿದಾಗಿದ್ದ ಆ ಊರು ಈಗ ಜನದಿಂದ ಕಿಕ್ಕಿರಿದಿದೆ. ಚೆಲುವನ್ನು ಅರಸಿ ಬಂದವರು ಕಡಿದಾದ ಇಳಿಜಾರಿನ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ್ದಾರೆ. 1905 ಯಾರ ನೆನಪಿನಲ್ಲಿಯೂ ಇದ್ದಂತಿಲ್ಲ. 2021ರ ಜುಲೈ 12ರಂದು ಭಾಗ್ಸುನಾಗದ ಬಳಿ ಹಳ್ಳವೊಂದು ಉಕ್ಕಿ ಕಾರುಗಳನ್ನು ಕೊಚ್ಚಿಕೊಂಡು ಹೋಯಿತು. ಸ್ಥಳೀಯರಿಗೂ ವಲಸಿಗರಿಗೂ ಆಗಾಗ ಜಗಳಗಳೂ ಆಗಿವೆ. ಆದರೂ ಗದ್ದಿಗಳ ಹಳ್ಳಿಗಳ ನಡುವೆಯೇ ಮಠಗಳು ನಿಂತಿವೆ.

ಮಕ್ಕಳ ಗ್ರಾಮದ ಚಿಂತೆ ಬೇರೆ. 2008ಕ್ಕೆ ಮೊದಲು ಪ್ರತಿವರ್ಷ ಎರಡು ಮೂರು ಸಾವಿರ ಜನ ಹಿಮದ ಕಣಿವೆಗಳನ್ನು ದಾಟಿ ಬರುತ್ತಿದ್ದರು. ಅವರಲ್ಲಿ ತಂದೆತಾಯಿಗಳು ಓದಲೆಂದು ಕಳುಹಿಸಿದ ಮಕ್ಕಳೂ ಇರುತ್ತಿದ್ದರು. ಆ ವರ್ಷದ ಬಳಿಕ ಗಡಿ ಬಿಗಿಯಾಗಿ, ಬರುವವರನ್ನು ಬೆರಳೆಣಿಕೆಯಲ್ಲಿ ಹೇಳುವಂತಾಗಿದೆ. ಇಲ್ಲಿ ಹುಟ್ಟಿ ಓದಿದ ತರುಣರು ಯೂರೋಪು ಅಮೆರಿಕಗಳಿಗೆ ಹೊರಟಿದ್ದಾರೆ. ಬೈಲಕುಪ್ಪೆಯ ಕೆಲವು ಮನೆಗಳಲ್ಲಿ ಈಗ ಮುದುಕರಷ್ಟೇ ಇದ್ದಾರೆ. ಅವರ ಹೊಲಗಳನ್ನು ಸುತ್ತಲಿನ ಹಳ್ಳಿಗಳ ನಮ್ಮ ರೈತರು ಉಳುತ್ತಿದ್ದಾರೆ.