ಕೊಳವೆಗಳ ಜೊತೆ ಡಿಜಿಟಲ್ ದನಿ

ಚರ್ಚಿನ ಪೈಪ್ ಆರ್ಗನ್ನಿನ ಅತಿ ಮಂದ್ರ ಸ್ವರಕ್ಕೆ ಸುಮಾರು 32 ಅಡಿ ಉದ್ದದ ತೆರೆದ ಕೊಳವೆ ಬೇಕು. ಸೆಕೆಂಡಿಗೆ ಸುಮಾರು 16 ಕಂಪನಗಳ ಆ ನಾದ ಕಿವಿಗಿಂತ ಎದೆಗೇ ಹೆಚ್ಚು ತಟ್ಟುತ್ತದೆ. ಅದಕ್ಕೆ ಬೇಕಾದ ಎತ್ತರವಾಗಲಿ ಹಣವಾಗಲಿ ಎಲ್ಲ ಚರ್ಚುಗಳಿಗೂ ಇರಲಿಲ್ಲ. ಅಮೆರಿಕದ ಅಲೆನ್ ಕಂಪನಿ 1971ರಲ್ಲಿ ಡಿಜಿಟಲ್ ಆರ್ಗನ್ ಮಾರಾಟಕ್ಕೆ ತಂದ ಬಳಿಕ ದಾರಿ ತೆರೆಯಿತು. ಹಳೆಯ ವಾದ್ಯದ ತಿದಿಗಳ ಸವೆದ ಚರ್ಮ ಬದಲಿಸಿ, ಕೊಳವೆಗಳನ್ನು ಶುಚಿಗೊಳಿಸಿ ಕೂರಿಸುವಾಗಲೇ ಸ್ಪೀಕರುಗಳ ಮೂಲಕ ಮಂದ್ರ ದನಿಗಳನ್ನು ಸೇರಿಸುವ ರೂಢಿ ಕ್ರಮೇಣ ಬೆಳೆಯಿತು. ನಿಜವಾದ ತೊಡಕು ಶ್ರುತಿಯದು: ಗಾಳಿ ಕಾದಂತೆ ಕೊಳವೆಯ ಶ್ರುತಿ ಏರುತ್ತದೆ, ಡಿಜಿಟಲ್ ದನಿ ತಾನಾಗಿ ಕದಲದು. ಹಾಗಾಗಿ ಕೊಳವೆಗೆ ತಕ್ಕಂತೆ ಡಿಜಿಟಲ್ ಶ್ರುತಿಯನ್ನೇ ಸರಿಹೊಂದಿಸಬೇಕು. ಕೊಳವೆಗಳನ್ನೇ ಕೈಬಿಟ್ಟದ್ದೂ ಉಂಟು: ನ್ಯೂಯಾರ್ಕಿನ ಟ್ರಿನಿಟಿ ಚರ್ಚು 2001ರ ಭಯೋತ್ಪಾದಕ ದಾಳಿಯ ಧೂಳಿನಿಂದ ಕೆಟ್ಟ ಆರ್ಗನ್ನಿನ ಬದಲಿಗೆ 2003ರಲ್ಲಿ ಪೂರ್ತಿ ಡಿಜಿಟಲ್ ವಾದ್ಯವನ್ನೇ ಅಳವಡಿಸಿತು. ಮುಂದೆ ಕೊಳವೆಗಳಿಗೇ ಮರಳಿತು.