ನೆರೆ ನಿಂತ ಮೇಲೂ ನೈಲ್ ಹಬ್ಬ

ಹಝ್ರತ್ ಉಮರ್(ರ) ನೈಲ್ ನದಿಗೆ ಪತ್ರ ಬರೆದ ಕಥೆಯನ್ನು ನಾವು ಉರ್ದುವಿನಲ್ಲಿ ಓದಿ ಬೆಳೆದವರು. ನೆರೆಗಾಗಿ ಕನ್ಯೆಯನ್ನು ನದಿಗೆ ಅರ್ಪಿಸುವ ಪದ್ಧತಿ ಆ ಪತ್ರದಿಂದ ನಿಂತಿತಂತೆ. ಅಂಥ ಬಲಿಗೆ ಗಟ್ಟಿ ಪುರಾವೆಯಿಲ್ಲ, ಹಬ್ಬವಂತೂ ಇತ್ತು. ಫಿರ್‌ಔನರ ಈಜಿಪ್ಟಿನಲ್ಲಿ ಬೇಸಿಗೆಯ ಮುಂಜಾವಿಗೆ ಲುಬ್ಧಕ ನಕ್ಷತ್ರ ಮರಳಿ ಕಂಡರೆ ಅದು ನೆರೆಯ ಮುನ್ಸೂಚನೆ, ಹೊಸ ವರ್ಷ.

ಮುಸ್ಲಿಮ್ ಆಡಳಿತದಲ್ಲೂ ಹಬ್ಬ ಉಳಿಯಿತು. 861ರಲ್ಲಿ ಖಲೀಫ ಮುತವಕ್ಕಿಲ್ ಕಾಲದಲ್ಲಿ ಇಂದಿನ ಕೈರೋದ ರೋದಾ ದ್ವೀಪದಲ್ಲಿ ನೀರಳೆಯುವ ಕಂಬ ನಿಂತಿತು. ನೀರು 16 ಮೊಳ ಮುಟ್ಟಿದರೆ ಕಾಲುವೆಯ ಒಡ್ಡು ಕಡಿದು ಸಂಭ್ರಮ. ಕಂದಾಯವೂ ಆ ಅಳತೆಯ ಮೇಲೆಯೇ. (ದೇವತೆಗಳು ಹೋದರೂ ತೆರಿಗೆ ಹೋಗಲಿಲ್ಲ!)

1970ರಲ್ಲಿ ಅಸ್ವಾನ್ ಅಣೆಕಟ್ಟು ಪೂರ್ಣಗೊಂಡಿತು. ಈಗ ನೆರೆಯಿಲ್ಲ, ಹೊಲಕ್ಕೆ ಹೊಸ ಮೆಕ್ಕಲು ಮಣ್ಣಿಲ್ಲ; ರೈತ ಗೊಬ್ಬರ ಕೊಳ್ಳುತ್ತಾನೆ. 'ವಫಾ ಅನ್ನೀಲ್', ಎಂದರೆ ನೈಲ್ ಮಾತು ಪೂರೈಸಿದ ದಿನ, ಆಗಸ್ಟ್‌ನಲ್ಲಿ ಇಂದಿಗೂ ಆಚರಣೆಯಾಗುತ್ತದೆ.