ಆಣೆವಾರಿಯಿಂದ ಆಕಾಶದವರೆಗೆ

ಹಿಂದೆ ಬದುವಿನ ಮೇಲೆ ನಿಂತು 'ಇಷ್ಟಾಣೆ ಬೆಳೆ' ಅಂದ್ರೆ ಮುಗೀತು. ಕಂದಾಯದ ರಿಯಾಯಿತಿ ಆ ಮಾತಿನ ಮೇಲೇ. 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ ಮುಂತಾದವರು ಬೆಳೆ ಕಟಾವು ಪ್ರಯೋಗ ರೂಪಿಸಿದರು: ಚೀಟಿ ಎತ್ತಿದಂತೆ ಆರಿಸಿದ ತಾಕಿನಲ್ಲಿ ಕೊಯ್ದು, ಬಡಿದು, ತೂಗುವುದು.

1970ರಲ್ಲಿ ಪಿ.ಆರ್. ಪಿಶರೋಟಿಯವರ ತಂಡ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಿಸಿತು. ಆರೋಗ್ಯವಂತ ಗರಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆಸೆಯುತ್ತದೆ. ಚಿತ್ರದಲ್ಲಿ ಕೆಂಪಗೆ ಮೂಡುತ್ತದೆ. ಬೇರು ಸೊರಗು ರೋಗ ಹಿಡಿದ ಮರದ ಬಣ್ಣವೇ ಬೇರೆ. 1988ರ ಐಆರ್‌ಎಸ್-1ಎ ಉಪಗ್ರಹ ಇದೇ ವಿದ್ಯೆಯನ್ನು ಅಂತರಿಕ್ಷಕ್ಕೆ ಒಯ್ದಿತು.

2023ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯಲ್ಲಿ ಭತ್ತದ ಇಳುವರಿಗೆ ತಂತ್ರಜ್ಞಾನದ ಅಂದಾಜೂ ಸೇರಿತು. ಅದರ ಪಾಲು ಕನಿಷ್ಠ ಶೇ. 30. ಆದರೂ ಕಟಾವು ಪ್ರಯೋಗ ನಿಂತಿಲ್ಲ. ಆ ದಿನ ನಾವು ಹೊಲದಲ್ಲಿರಬೇಕು. ಪರಿಹಾರ ನಿಂತಿರೋದು ಆ ತಕ್ಕಡಿ ಮೇಲೂ ಹೌದು.